ಬಿಲ್ಲು ತಿದ್ದುವ ಕೆಲಸ

ಹುಮನಾಬಾದವು ವೀರಭದ್ರನ ಊರೆಂಬದು ಈ ಭಾಗದ ಮಕ್ಕಳಿಗೂ ಗೊತ್ತು. ಚಳಿಗಾಲದಲ್ಲಿ ನೆರೆಯುವ ಜಾತ್ರೆಗೆ ನೆರೆನಾಡುಗಳಿಂದಲೂ ಭಕ್ತರು ಬಂದು ಹೋಗುತ್ತಾರೆ. ನಮ್ಮ ಶಿಲ್ಪಿಗಳು ವೀರಭದ್ರನನ್ನು ಕಡೆದಲ್ಲಿ ಅವನ ನಾಲ್ಕು ಕೈಗಳಿಗೆ ವಾಡಿಕೆಯಾಗಿ ಕೊಡುವ ಆಯುಧಗಳು ಕತ್ತಿ, ಗುರಾಣಿ, ಬಿಲ್ಲು ಮತ್ತು ಬಾಣ. ಕತ್ತಿಯನ್ನು ಎಲ್ಲರೂ ಗುರುತಿಸುವರು. ಪುರವಂತರು ಅದನ್ನು ಝಳಪಿಸುತ್ತ ಒಡಪು ಹೇಳುವಾಗ ನೋಡುವವರ ಮೈ ಜುಮ್ಮೆನ್ನುವದು. ಆದರೆ ಬಿಲ್ಲಿನ ಕಡೆಗೆ ಕಣ್ಣು ಹಾಯಿಸಿ, ಇದನ್ನು ಯಾವ ಮರದಿಂದ ಮಾಡುತ್ತಿದ್ದರು, ಎಷ್ಟು ಕೆತ್ತಿದರೆ ಸಾಕೆಂದು ಮಾಡುವವನಿಗೆ ಹೇಗೆ ತಿಳಿಯುತ್ತಿತ್ತು ಎಂದು ಕೇಳಿದವರನ್ನು ನಾವು ಕಂಡಿಲ್ಲ. ಈಚಿನವರೆಗೆ ನಾವೂ ಕೇಳಿದವರಲ್ಲ.

ಕಥೆಯಲ್ಲಿ ಬಿಲ್ಲು ನಮಗೆ ಬಲು ಪರಿಚಿತವಾದುದು. ಗಾಂಡೀವ ಹಿಡಿದ ಅರ್ಜುನನನ್ನೂ, ಹೆಬ್ಬೆರಳನ್ನು ಕೊಯ್ದುಕೊಟ್ಟ ಏಕಲವ್ಯನನ್ನೂ, ಕಣ್ಣು ಕಿತ್ತು ಶಿವನಿಗರ್ಪಿಸಿದ ಬೇಡರ ಕಣ್ಣಪ್ಪನನ್ನೂ ಅರಿಯದ ಕನ್ನಡಿಗನಾರು? ನಮ್ಮ ವೀರಗಲ್ಲುಗಳಲ್ಲಿ ತುರುಗಳ ಮುಂದೆ ನಿಂತು ಹೆದೆಯನ್ನು ಸೆಳೆದ ವೀರರು ಇಂದಿಗೂ ಸೆಳೆದೇ ನಿಂತಿದ್ದಾರೆ. ದಿನದ ಮಾತಿನಲ್ಲಿಯಂತೂ ನಾವು ಬಿಲ್ಲನ್ನು ಬಿಟ್ಟು ಒಂದು ಗಳಿಗೆಯೂ ಇರಲಾರೆವು. ಪಾರಸಿಯಲ್ಲಿ ಬಿಲ್ಲಿಗೆ ‘ಕಮಾನು’ ಎನ್ನುವರು. ಆ ಶಬ್ದವು ನಮ್ಮಲ್ಲಿಗೆ ಬಂದು ಬಾಗಿಲ ಮೇಲಿನ ಕಲ್ಲುಕಟ್ಟಡಕ್ಕೂ, ಬಂಡಿಯ ಕೆಳಗಿನ ಉಕ್ಕಿನ ಪಟ್ಟಿಗೂ, ಪಿಟೀಲು ಬಾರಿಸುವ ಕಡ್ಡಿಗೂ ಹೆಸರಾಯಿತು. ಬಸವಕಲ್ಯಾಣದ ಕೋಟೆಯ ಬಾಗಿಲಲ್ಲಿ ಕಮಾನಿನಡಿ ಹಾಯ್ದು ಹೋಗುವವನು ತಾನು ಬಿಲ್ಲಿನಡಿ ಹಾಯ್ದೆನೆಂದು ಎಣಿಸುವದಿಲ್ಲ. ಇನ್ನು ಪಿಂಜಾರರು ಹತ್ತಿ ಹಿಂಜುತ್ತಿದ್ದದ್ದು ಬಿಲ್ಲಿನಿಂದಲೇ; ಬಡಿಗರು ಬೈರಿಗೆಯನ್ನು ತಿರುವುತ್ತಿದ್ದದ್ದೂ ಸಣ್ಣದೊಂದು ಬಿಲ್ಲಿನಿಂದಲೇ. ಬೇಟೆ ಯುದ್ಧಗಳು ತಪ್ಪಿದ ಮೇಲೆಯೂ ಬಿಲ್ಲು ಹೀಗೆ ಬಹುಕಾಲ ನಮ್ಮ ಓಣಿಗಳಲ್ಲಿ ದುಡಿದುಕೊಂಡಿತ್ತು.

ಈ ಮಾತನ್ನು ಕಲ್ಯಾಣದ ಸಂಬಂಧದಲ್ಲಿ ಹೇಳಬೇಕಾದುದಕ್ಕೆ ಬೇರೊಂದು ಕಾರಣವಿದೆ. ಚಾಲುಕ್ಯರ ಈ ರಾಜಧಾನಿಯಲ್ಲಿ ೧೧೨೬ರಿಂದ ೧೧೩೮ರವರೆಗೆ ಆಳಿದ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬದು ಅದರ ಇನ್ನೊಂದು ಹೆಸರು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳುಳ್ಳ ಈ ಹೊತ್ತಗೆಯಲ್ಲಿ ಅಡಿಗೆಯಿಂದ ಆನೆಯವರೆಗೆ, ಚಿತ್ರದಿಂದ ಚಿಕಿತ್ಸೆಯವರೆಗೆ ಅರಸನಾದವನು ಅರಿಯಬೇಕಾದ ಸಕಲವೂ ಇದೆ. ವಿನೋದಗಳನ್ನು ಹೇಳುವ ನಾಲ್ಕನೆಯ ವಿಂಶತಿಯು ಪ್ರಾರಂಭವಾಗುವದೇ ಶಸ್ತ್ರವಿನೋದದಿಂದ. ಗೀತ, ವಾದ್ಯ, ನೃತ್ಯಗಳ ಸರತಿ ಅನಂತರದ್ದು. ಮೈಸೂರಿನ ಪಂಡಿತ ಆರ್. ಶಾಮಶಾಸ್ತ್ರಿಗಳು ೧೯೨೬ರಲ್ಲಿ ಇದರ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. ಬಡೋದೆಯ ಗಾಯಕವಾಡ ಗ್ರಂಥಮಾಲೆಯಲ್ಲಿ ೧೯೨೫ರಿಂದ ಮೂರು ಸಂಪುಟಗಳು ಹೊರಬಂದವು. ಕೊನೆಯದು ಬರುವಷ್ಟರಲ್ಲಿ ೧೯೬೧ ಆಗಿತ್ತು. ಕಲ್ಯಾಣದಲ್ಲಿ ಹುಟ್ಟಿದ ಪುಸ್ತಕವನ್ನು ಓದಲಿಕ್ಕೆ ಕಲ್ಯಾಣದವನು ಬಡೋದೆಗೆ ಬರೆಯಬೇಕಾದ ಕಾಲವು ಬಹಳ ದೀರ್ಘವಾಗಿ ನಡೆಯಿತೆಂದರೆ ನಾವು ಯಾರನ್ನೂ ದೂರಿದಂತಾಗದು.

ಬಿಲ್ಲಿನ ಸಾಮಗ್ರಿಯ ವಿಷಯವಾಗಿ ಹಳೆಯ ಗ್ರಂಥಗಳು ಮೌನವಾಗಿಲ್ಲ. ಕೌಟಿಲ್ಯನು ತಾಳೆ, ಬಿದಿರು, ಮರ, ಕೊಂಬು ಎಂದು ನಾಲ್ಕು ಬಗೆಗಳನ್ನು ಎಣಿಸಿ, ಹೆದೆಗೆ ಮೂರ್ವೆ, ಎಕ್ಕ, ಸೆಣಬು, ಬಿದಿರು, ನರ ಮೊದಲಾದವುಗಳನ್ನು ಹೇಳುತ್ತಾನೆ. ಎಕ್ಕದ ಗಿಡವನ್ನು ನಮ್ಮ ಹೊಲಗಳ ಬದುವಿನಲ್ಲಿ ಕಾಣದವರಿಲ್ಲ. ಮಾರುತಿಯ ಕೊರಳಿಗೆ ಅದರ ಮಾಲೆ ಹಾಕುವ ನಾವು ಅದರ ತೊಗಟೆಯ ನಾರು ಎಂಥ ಬಿಗಿಯನ್ನು ತಾಳುವದೆಂಬದನ್ನು ಮರೆತಿದ್ದೇವೆ. ಹೆದೆಗೆ ಸಂಸ್ಕೃತದಲ್ಲಿ ‘ಮೌರ್ವೀ’ ಎಂಬ ಹೆಸರು ಬಂದುದೇ ಮೂರ್ವೆಯಿಂದ. ಅಗ್ನಿಪುರಾಣವು ನಾಲ್ಕು ಮೊಳದ ಬಿಲ್ಲನ್ನು ಉತ್ತಮವೆಂದೂ, ಮೂರೂವರೆ ಮೊಳದ್ದನ್ನು ಮಧ್ಯಮವೆಂದೂ, ಮೂರು ಮೊಳದ್ದನ್ನು ಕನಿಷ್ಠವೆಂದೂ ಹೇಳುತ್ತದೆ. ನಾಲ್ಕು ಮೊಳವೆಂದರೆ ಆರು ಅಡಿ, ಆಳುದ್ದ. ಅಲೆಕ್ಸಾಂಡರನ ಸಂಗಡ ಬಂದ ನಿಯಾರ್ಕಸನ ಮಾತನ್ನು ಆಧರಿಸಿ ಅರಿಯನ್ ಎಂಬ ಯವನ ಲೇಖಕನು ಬರೆದುದೂ ಇದಕ್ಕೆ ಹೊಂದುತ್ತದೆ: ಹಿಂದೂಸ್ಥಾನದ ಕಾಲಾಳಿನ ಬಿಲ್ಲು ಅವನಷ್ಟೇ ಎತ್ತರವಾಗಿದ್ದು, ಅದರ ತುದಿಯನ್ನು ನೆಲಕ್ಕೂರಿ ಎಡಗಾಲಿನಿಂದ ಒತ್ತಿ ಎಳೆಯುತ್ತಿದ್ದರಂತೆ.

ವಸಿಷ್ಠರ ಹೆಸರಿನಲ್ಲಿರುವ ಧನುರ್ವೇದದ ವಿಧಿಗಳು ಇನ್ನೂ ಸ್ವಾರಸ್ಯವಾಗಿವೆ. ಅತಿ ಬಲಿತದ್ದು ಬೇಡ, ಎಳೆಯದು ಬೇಡ, ಸುಟ್ಟದ್ದು ಬೇಡ, ತೂತು ಬಿದ್ದದ್ದು ಬೇಡ, ‘ಜ್ಞಾತಿಘೃಷ್ಟ’ವಾದುದು ಬೇಡ. ಜ್ಞಾತಿಘೃಷ್ಟವೆಂದರೆ ದಾಯಾದರೊಡನೆ ತಿಕ್ಕಾಡಿದುದು! ಒಂದೇ ಮೆಳೆಯಲ್ಲಿ ಗಾಳಿಗೆ ಪಕ್ಕದ ಗಳವನ್ನು ಉಜ್ಜಿ ಉಜ್ಜಿ ಮೈ ಸವೆದ ಬಿದಿರು ಎಂದು ಇದರ ಅರ್ಥ. ಇದರಲ್ಲಿ ವಿನೋದವುಂಟು, ಆದರೆ ಮೂಢನಂಬಿಕೆಯಿಲ್ಲ; ಬಿದಿರಿನ ಬಲವೆಲ್ಲ ಹೊರಸಿಪ್ಪೆಯ ನಾರಿನಲ್ಲಿರುವದರಿಂದ ಅದು ಸವೆದರೆ ಬಿಲ್ಲು ಅಲ್ಲಿಯೇ ಮುರಿಯುವದು. ಗಿಣ್ಣುಗಳು ಮೂರು, ಐದು, ಏಳು, ಒಂಬತ್ತು ಇರಬೇಕು, ಸಮಸಂಖ್ಯೆ ಕೂಡದು ಎಂಬ ನಿಯಮವೂ ಅಲ್ಲಿದೆ. ಬೆಸಸಂಖ್ಯೆಯಾದರೆ ನಡುವಿನ ಗಿಣ್ಣು ಹಿಡಿಯಲ್ಲಿ ಸೇರಿ, ಎರಡೂ ತೋಳುಗಳಿಗೆ ಸಮನಾದ ಗಿಣ್ಣುಗಳು ಉಳಿಯುವವು. ಇದನ್ನು ಬರೆದವನು ಬಿದಿರನ್ನು ಕೈಯಲ್ಲಿ ಹಿಡಿದು ಬಾಗಿಸಿದವನಿರಬೇಕು, ಇಲ್ಲವೆ ಅಂಥವನ ಮಾತನ್ನು ಶ್ರದ್ಧೆಯಿಂದ ಕೇಳಿದವನಿರಬೇಕೆಂದು ನಮಗೆ ತೋರುತ್ತದೆ.

ಮರಗಳಲ್ಲಿ ತಡಸಲಿಗೆ ಸಂಸ್ಕೃತದಲ್ಲಿ ‘ಧನ್ವನ’ವೆಂಬ ಹೆಸರಿದೆ. ಧನ್ವವೆಂದರೆ ಬಿಲ್ಲು. ಬಾಗಿ ಮರಳಿ ನೆಟ್ಟಗಾಗುವ ಈ ಮರವನ್ನು ಹೆಗಲಿನ ಅಡ್ಡೆಗೂ ಕೊಡಲಿಯ ಕಾವಿಗೂ ಜನರು ಆರಿಸುತ್ತ ಬಂದಿದ್ದಾರೆ. ಗಿಡದ ಹೆಸರಿನಲ್ಲಿಯೇ ಅದರ ಉಪಯೋಗವನ್ನು ಬರೆದಿಟ್ಟ ಹಿರಿಯರ ಜಾಣತನಕ್ಕೆ ಏನೆನ್ನಬೇಕು!

ಇಷ್ಟೆಲ್ಲ ಇದ್ದರೂ ಗ್ರಂಥಗಳು ಒಂದು ಮಾತನ್ನು ಹೇಳುವದಿಲ್ಲ. ಮರವನ್ನು ಆರಿಸಿದ್ದಾಯಿತು, ಅಳತೆ ಹಿಡಿದದ್ದಾಯಿತು; ಆ ಮೇಲೆ ಕೋಲು ಬಿಲ್ಲಾಗುವದು ಹೇಗೆ? ಅದು ಕೈಯ ವಿದ್ಯೆ. ಅಪ್ಪನು ಮಗನಿಗೆ ಬಾಯಿಂದಲ್ಲ, ಕಣ್ಣಿನಿಂದ ಕಲಿಸುತ್ತಿದ್ದ ವಿದ್ಯೆ. ಅಪ್ಪನು ಬಿಲ್ಲು ಮಾಡುವದನ್ನು ನಿಲ್ಲಿಸಿದ ದಿನವೇ ಅದರ ದಾರ ಹರಿಯಿತು.

ಹರಿದುದಕ್ಕೆ ಬಂದೂಕೊಂದೇ ಕಾರಣವಲ್ಲ. ೧೮೫೭ರಲ್ಲಿ ಆಯುಧಗಳನ್ನು ದಾಖಲೆ ಮಾಡಿಸಬೇಕೆಂಬ ಸರಕಾರದ ಕಟ್ಟಳೆಯನ್ನು ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಧಿಕ್ಕರಿಸಿದರು. ಅವರ ಊರಿಗೆ ಬೆಂಕಿ ಬಿದ್ದಿತು. ೧೮೭೮ರ ಆಯುಧಗಳ ಕಾಯದೆಯು ‘ಆಯುಧ’ವೆಂಬ ಶಬ್ದದ ಅರ್ಥವನ್ನು ಹೇಳುವಾಗ ಬಂದೂಕು, ಬಾಕು, ಭರ್ಚಿ, ತೋಫುಗಳ ಸಾಲಿನಲ್ಲಿಯೇ ಬಿಲ್ಲು ಬಾಣಗಳನ್ನೂ ಹೆಸರಿಸಿತು. ತೋಫಿನಷ್ಟೇ ಭಯವನ್ನು ಬಿದಿರಿನ ಕೋಲಿಗೂ ಪಟ್ಟ ಸರಕಾರವದು. ನಮ್ಮ ಹುಮನಾಬಾದ ಕಲ್ಯಾಣಗಳು ಆಗ ಬ್ರಿಟಿಷರ ನೇರ ಆಳಿಕೆಯಲ್ಲಿರದೆ ೧೯೪೮ರವರೆಗೆ ನಿಜಾಮನ ರಾಜ್ಯದಲ್ಲಿದ್ದವೆಂಬದು ನಿಜ. ಆದರೆ ಕೈಕಸಬಿನ ಅವನತಿಯು ಗಡಿ ನೋಡಿ ನಿಲ್ಲಲಿಲ್ಲ. ಸ್ವಾತಂತ್ರ್ಯಾನಂತರ ೧೯೫೯ರಲ್ಲಿ ಹೊಸ ಆಯುಧ ಕಾಯದೆಯು ಬಂದಿತು. ೧೯೭೨ರ ವನ್ಯಜೀವಿ ಕಾಯದೆಯು ಬೇಟೆಯನ್ನು ನಿಷೇಧಿಸಿತು. ಈ ಎರಡನೆಯದನ್ನು ನಾವು ಮನಃಪೂರ್ವಕ ಒಪ್ಪುತ್ತೇವೆ. ಬಿಲ್ಲನ್ನು ಮರಳಿ ಬೇಟೆಗೆ ಹಚ್ಚಬೇಕೆಂದು ನಾವು ಹೇಳುವದಿಲ್ಲ. ಅದನ್ನು ಮಾಡುವ ಬುದ್ಧಿಯು ಅಳಿಯಬಾರದೆಂದಷ್ಟೇ ನಮ್ಮ ಮಾತು.

ಪುಸ್ತಕದಲ್ಲಿಲ್ಲದುದನ್ನು ಕೈಯಿಂದ ತಿಳಿಯಬೇಕೆಂದು ನಾವು ಮೊದಲು ಹೋದದ್ದು ಒಂದು ಕಟ್ಟಿಗೆಯ ಅಡ್ಡೆಗೆ. ಗರಗಸದಿಂದ ಕೊಯ್ದ, ನೋಡಲು ಸೊಗಸಾದ ತೇಗದ ಪಟ್ಟಿಯನ್ನು ಕೊಂಡು ತಂದು ರಂದಾ ಹೊಡೆದು, ಎರಡೂ ತುದಿಗಳಿಗೆ ಹುರಿ ಕಟ್ಟಿ ಎಳೆದೆವು. ಎರಡನೆಯ ಎಳೆತಕ್ಕೆ ಪಟ್ಟಿಯು ಪಟಾರನೆ ಮುರಿದು ಒಂದು ಚೂರು ಕಿಟಕಿಯ ಗಾಜನ್ನು ಒಡೆಯಿತು. ಕಣ್ಣು ಉಳಿದದ್ದು ವೀರಭದ್ರನ ಕೃಪೆ. ಸಪ್ಪಳ ಕೇಳಿ ಬಂದ ಹುಮನಾಬಾದದ ವೃದ್ಧ ಬಡಿಗರೊಬ್ಬರು ಚೂರನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, “ಸಾಹೇಬರ, ಗರಗಸಕ್ಕ ಕಣ್ಣಿಲ್ಲರಿ. ಕಟಗಿ ಎಳಿ ಎತ್ತ ಹೋಗ್ಯಾದ ಅಂತ ಅದಕ್ಕ ಗೊತ್ತಾಗಲ್ಲ. ಬೆಣಿ ಹೊಡದು ಸೀಳಬೇಕಿತ್ತು” ಎಂದರು. ಅವರು ಜನ್ಮದಲ್ಲಿ ಬಿಲ್ಲು ಮಾಡಿದವರಲ್ಲ. ನೊಗ, ಕುಂಟೆ, ಬಾಗಿಲುಗಳನ್ನು ಮಾಡಿದವರು. ಆದರೂ ನಾವು ಮೂರು ಪುಸ್ತಕ ಓದಿ ತಿಳಿಯದುದನ್ನು ಅವರು ಒಂದು ಚೂರಿನಲ್ಲಿ ಓದಿಬಿಟ್ಟರು. ಬೆಣೆಯಿಂದ ಸೀಳಿದ ಮರವು ತನ್ನ ಎಳೆಯ ದಾರಿಯಲ್ಲಿಯೇ ಬಿಚ್ಚುವದು; ಗರಗಸವು ಎಳೆಗಳನ್ನು ಓರೆಯಾಗಿ ಕತ್ತರಿಸಿಬಿಡುವದು. ಓರೆಯಾಗಿ ಕತ್ತರಿಸಿದ ಎಳೆಯು ಬಿಲ್ಲಿನ ಬೆನ್ನಿಗೆ ಬಂದಲ್ಲಿ ಬಿಲ್ಲು ಬಿಚ್ಚಿಕೊಳ್ಳುವದು.

ಬಿಲ್ಲಿನ ಬೆನ್ನೆಂದರೆ ಗುರಿಯ ಕಡೆಗಿರುವ ಮೈ. ಹೊಟ್ಟೆಯೆಂದರೆ ಬಿಲ್ಲುಗಾರನ ಕಡೆಗಿರುವ ಮೈ. ಎಳೆದಾಗ ಬೆನ್ನು ಹಿಗ್ಗುವದು, ಹೊಟ್ಟೆ ಕುಗ್ಗುವದು, ನಡುವಿನ ಪದರವು ಹಿಗ್ಗದೆ ಕುಗ್ಗದೆ ಇರುವದು. ಬೆನ್ನಿನ ತಪ್ಪಿಗೆ ಬಿಲ್ಲು ಮುರಿಯುವದು. ಹೊಟ್ಟೆಯ ತಪ್ಪಿಗೆ ಅದು ಮುರಿಯದೆ ಸೋತು, ಹೆದೆ ಇಳಿಸಿದ ಮೇಲೆಯೂ ಬಾಗಿಕೊಂಡೇ ಉಳಿಯುವದು. ಆದಕಾರಣ ಬೆನ್ನನ್ನು ಮುಟ್ಟಬಾರದೆಂಬದು ಮೊದಲನೆಯ ನಿಯಮ. ಮರವಾದರೆ ತೊಗಟೆಯನ್ನಷ್ಟೇ ಬಿಡಿಸಿ ಅದರಡಿಯ ಪದರವನ್ನು ಹಾಗೆಯೇ ಕಾಯಬೇಕು. ಬಿದಿರಾದರೆ ಹೊಳೆಯುವ ಸಿಪ್ಪೆಯೇ ಬೆನ್ನು. ಕೆತ್ತುವದೆಲ್ಲ ಹೊಟ್ಟೆಯ ಕಡೆಯಿಂದ. ಕಡಿದ ಮರವನ್ನು ನೆರಳಿನಲ್ಲಿ ಒಣಗಿಸಬೇಕು, ತುದಿಗಳು ಬಿರಿಯದಂತೆ ಮೇಣವನ್ನೋ ಬಣ್ಣವನ್ನೋ ಬಳಿಯಬೇಕು. ಹಸಿಯಾದುದು ಬೇಗ ಸೋಲುವದು, ತೀರ ಒಣಗಿದುದು ಸಿಡಿಯುವದು.

ಇಲ್ಲಿ ಸ್ವಲ್ಪ ಲೆಕ್ಕವನ್ನು ಹೇಳದೆ ಗತ್ಯಂತರವಿಲ್ಲ. ಬಿಲ್ಲಿನ ತೋಳಿನ ಅಗಲವನ್ನು ಇಮ್ಮಡಿಸಿದರೆ ಅದರ ಬಿಗಿಯು ಇಮ್ಮಡಿಯಾಗುವದು. ದಪ್ಪವನ್ನು ಇಮ್ಮಡಿಸಿದರೋ, ಬಿಗಿಯು ಎಂಟು ಮಡಿಯಾಗುವದು. ತಿರುಗಿಸಿ ಹೇಳುವದಾದರೆ, ದಪ್ಪದಲ್ಲಿ ಹತ್ತನೆಯ ಒಂದು ಪಾಲನ್ನು ಕೆರೆದರೆ ಬಿಗಿಯು ಕಾಲುಭಾಗಕ್ಕೂ ಮಿಕ್ಕಿ ಇಳಿಯುವದು. ಒಂದು ಬೆರಳಿನ ದಪ್ಪದಲ್ಲಿ ಹತ್ತನೆಯ ಪಾಲೆಂದರೆ ಎಷ್ಟು? ಕಾನಸದ ನಾಲ್ಕು ಉಜ್ಜುಗಳು. ಆದುದರಿಂದಲೇ ಬಿಲ್ಲುಗಾರನು ಕೊಡಲಿಯಿಂದ ಪ್ರಾರಂಭಿಸಿ ಬಾಚಿಗೆ, ಬಾಚಿಯಿಂದ ಕಾನಸಕ್ಕೆ, ಕಾನಸದಿಂದ ಗಾಜಿನ ಚೂರಿಗೆ ಇಳಿಯುತ್ತ ಹೋಗಬೇಕು. ಕೆಲಸವು ಮುಗಿಯಬಂದಂತೆಲ್ಲ ಆಯುಧವು ಸಣ್ಣದಾಗುವದು, ತಾಳ್ಮೆಯು ದೊಡ್ಡದಾಗಬೇಕಾಗುವದು.

ಕೋಲಿಗೆ ಬಿಲ್ಲಿನ ಆಕಾರ ಬಂದ ಮೇಲೆ ಅದರ ಬಾಗು ತಿದ್ದುವದೇ ನಿಜವಾದ ವಿದ್ಯೆ. ಮೊದಲು ಒಂದು ತುದಿಯನ್ನು ನೆಲಕ್ಕೂರಿ, ಹಿಡಿಯನ್ನು ಅಂಗೈಯಿಂದ ಒತ್ತಿ, ತೋಳು ಎಲ್ಲಿ ಬಾಗುತ್ತದೆ, ಎಲ್ಲಿ ಹಟ ಹಿಡಿಯುತ್ತದೆಂದು ನೋಡಬೇಕು. ಎರಡೂ ತೋಳುಗಳು ಒಂದಿಷ್ಟು ಸಡಿಲಾದ ಮೇಲೆ ತುದಿಗಳಲ್ಲಿ ಕೊಪ್ಪನ್ನು ಕೊರೆದು ಉದ್ದವಾದ ಹುರಿಯನ್ನು ಕಟ್ಟುವದು. ಗೋಡೆಗೆ ಬಲವಾದ ಗೂಟವನ್ನು ಬಡಿದು ಅದರ ಮೇಲೆ ಹಿಡಿಯನ್ನಿಟ್ಟು, ಹುರಿಗೆ ಹಗ್ಗ ಕಟ್ಟಿ ಗೋಡೆಯ ಬುಡದಲ್ಲಿ ನೆಟ್ಟ ರಾಟೆಯ ಮೂಲಕ ಹಾಯಿಸಿ, ದೂರ ನಿಂತು ಎಳೆಯುವದು. ದೂರ ನಿಲ್ಲುವದಕ್ಕೆ ಎರಡು ಕಾರಣಗಳು: ಮುರಿದರೆ ಮುಖಕ್ಕೆ ಬಡಿಯದು, ಮತ್ತು ಬಾಗನ್ನು ಹತ್ತಿರದಿಂದ ಯಾರೂ ಕಾಣಲಾರರು. ಹತ್ತು ಹೆಜ್ಜೆ ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡಿದಾಗ ಒಂದು ತೋಳು ಬಿದಿಗೆಯ ಚಂದ್ರನಂತೆ ದುಂಡಾಗಿಯೂ, ಇನ್ನೊಂದು ಮೊಣಕೈಯಂತೆ ಒಂದೇ ಕಡೆಗೆ ಮಡಿದಂತೆಯೂ ಕಾಣುವದು.

ಮಡಿದ ಸ್ಥಳವೇ ಮೃತ್ಯುಸ್ಥಾನ. ಅಲ್ಲಿ ಕಾನಸವನ್ನು ತಾಗಿಸಬಾರದು. ಬಾಗದೆ ಸೆಟೆದು ನಿಂತ ಕಡೆಗೆ ಇದ್ದಿಲಿನಿಂದ ಗುರುತು ಹಾಕಿ, ಅಲ್ಲಿ ಮಾತ್ರ ಕೆರೆದು, ಮತ್ತೆ ಗೂಟಕ್ಕೇರಿಸಿ ಇಪ್ಪತ್ತು ಮೂವತ್ತು ಸಲ ಮೆಲ್ಲಗೆ ಎಳೆದು ಬಿಡಬೇಕು. ಕೆರೆದ ಕೂಡಲೇ ಮರವು ಬದಲಾದುದನ್ನು ತೋರಿಸುವದಿಲ್ಲ. ಎಳೆದೆಳೆದು ಪಳಗಿಸಿದ ಮೇಲೆಯೇ ತೋರಿಸುವದು. ಈ ತಡವನ್ನು ತಾಳದವನು ಮತ್ತೆ ಕೆರೆಯುತ್ತಾನೆ, ಕೆಡಿಸುತ್ತಾನೆ. ಇಂಚಿಂಚಾಗಿ ಎಳೆತವನ್ನು ಹೆಚ್ಚಿಸುತ್ತ, ನಮಗೆ ಬೇಕಾದ ಭಾರಕ್ಕಿಂತ ಒಂದು ಪೌಂಡನ್ನೂ ಹೆಚ್ಚಿಗೆ ಹೇರದೆ, ಕೊನೆಗೆ ಇಪ್ಪತ್ತೆಂಟು ಇಂಚಿಗೆ ಮುಟ್ಟಿಸುವದು. ಭಾರ ನೋಡಲಿಕ್ಕೆ ಕಿರಾಣಿ ಅಂಗಡಿಯ ಸ್ಪ್ರಿಂಗ್ ಕಾಟಾ ಸಾಕು. ಬಾಣವು ಬಿಲ್ಲಿನ ನಟ್ಟನಡುವಿನಿಂದಲ್ಲ, ಹಿಡಿದ ಕೈಯ ಮೇಲಿನಿಂದ ಹೋಗುವದರಿಂದ ಕೆಳಗಿನ ತೋಳನ್ನು ಕೂದಲೆಳೆಯಷ್ಟು ಬಿಗಿಯಾಗಿ ಬಿಡಬೇಕೆಂಬದು ಇನ್ನೊಂದು ಸೂಕ್ಷ್ಮ. ಹೆದೆಯು ಹಿಡಿಯ ನಡುಗೆರೆಯ ಮೇಲೆಯೇ ಬರುತ್ತದೋ, ಬದಿಗೆ ಜಾರುತ್ತದೋ ಎಂಬದನ್ನು ಮೇಲಿಂದ ಮೇಲೆ ನೋಡುತ್ತಿರಬೇಕು. ಜಾರಿದರೆ ಒಂದು ಅಂಚು ಇನ್ನೊಂದಕ್ಕಿಂತ ದಪ್ಪವಿದೆಯೆಂದು ತಿಳಿಯುವದು.

ನಾವು ಮೇದಾರರ ಮನೆಯಿಂದ ಗಂಡುಬಿದಿರಿನ ಗಳವೊಂದನ್ನು ತಂದು ಎರಡನೆಯ ಬಿಲ್ಲಿಗೆ ಕೈ ಹಾಕಿದೆವು. ಬಡಿಗರು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. ಕಾನಸದ ಸಪ್ಪಳವು ಜೋರಾದಾಗಲೆಲ್ಲ, “ಗಡಬಡ ಮಾಡಬ್ಯಾಡ್ರಿ, ಹೋದದ್ದು ಹೊಳ್ಳಿ ಬರಲ್ಲ” ಎನ್ನುವರು. ನಾಲ್ಕು ಸಂಜೆಗಳು ಹೀಗೆ ನಡೆದವು. ಐದನೆಯ ಸಂಜೆ ನಾವು ಉತ್ಸಾಹದಲ್ಲಿ ಮೇಲಿನ ತೋಳಿನ ಗಿಣ್ಣೊಂದರ ಬಳಿ ಹೆಚ್ಚಿಗೆ ಕೆರೆದೆವು. ಅಲ್ಲಿ ಮೊಣಕೈ ಮಡಿಯಿತು. ಇದಕ್ಕೆ ಔಷಧವು ಒಂದೇ: ಉಳಿದ ಮೈಯನ್ನೆಲ್ಲ ಆ ದುರ್ಬಲ ಸ್ಥಳದ ಮಟ್ಟಕ್ಕೆ ಇಳಿಸುವದು. ನಲವತ್ತೈದು ಪೌಂಡಿನದಾಗಬೇಕಾಗಿದ್ದ ಬಿಲ್ಲು ಮೂವತ್ತಕ್ಕೆ ಬಂದು ನಿಂತಿತು. ಆದರೂ ಅದು ಬಿಲ್ಲು. ಅದರಿಂದ ಹೊರಟ ಮೊದಲ ಬಾಣವು ಅಂಗಳ ದಾಟಿ ಕಣಕಿಯ ಬಣಿವೆಯಲ್ಲಿ ನಟ್ಟಾಗ ಬಡಿಗರ ಮೊಮ್ಮಗನು ಹಾಕಿದ ಕೂಗು ಇನ್ನೂ ನಮ್ಮ ಕಿವಿಯಲ್ಲಿದೆ.

ಈ ಯಂತ್ರಯುಗದಲ್ಲಿ ಇದು ಯಾತಕ್ಕೆಂದು ನಮ್ಮ ಅಧಿಕಾರಿ ಮಿತ್ರರೊಬ್ಬರು ಕೇಳಿದರು. ಪ್ರಶ್ನೆಯು ನ್ಯಾಯವಾದುದೇ. ೧೫೪೫ರಲ್ಲಿ ಮುಳುಗಿದ ಇಂಗ್ಲೆಂಡಿನ ಮೇರಿ ರೋಜ್ ಎಂಬ ಹಡಗನ್ನು ೧೯೮೨ರಲ್ಲಿ ಮೇಲಕ್ಕೆತ್ತಿದರು. ಅದರಲ್ಲಿ ನೂರಕ್ಕೂ ಮಿಕ್ಕಿ ಮರದ ಬಿಲ್ಲುಗಳು ದೊರೆತವು. ಅವನ್ನು ಅಳೆದು, ಅದೇ ಮಾದರಿಯಲ್ಲಿ ಹೊಸವನ್ನು ಮಾಡಿ ಎಳೆದು ನೋಡಿದ ಮೇಲೆಯೇ ಅವರ ಪೂರ್ವಿಕರು ನೂರು ಪೌಂಡಿಗೂ ಮಿಕ್ಕಿದ ಬಿಲ್ಲುಗಳನ್ನು ಎಳೆಯುತ್ತಿದ್ದರೆಂಬದು ನಿಶ್ಚಯವಾಯಿತು. ಕೊರಿಯಾ ದೇಶವು ಬಿಲ್ಲು ಬಾಣ ಮಾಡುವ ಕಸಬನ್ನು ೧೯೭೧ರಲ್ಲಿಯೇ ರಾಷ್ಟ್ರದ ಸಾಂಸ್ಕೃತಿಕ ಸ್ವತ್ತೆಂದು ಸಾರಿತು. ಆ ದೇಶದವರು ಇಂದು ಒಲಿಂಪಿಕ್ ಬಿಲ್ಲುಗಾರಿಕೆಯಲ್ಲಿ ಜಗತ್ತಿಗೆ ಮುಂದಾಳುಗಳಾಗಿರುವದನ್ನು ಎಲ್ಲರೂ ಬಲ್ಲರು. ಒಂದರಿಂದಲೇ ಇನ್ನೊಂದಾಯಿತೆಂದು ನಾವು ಸಾಧಿಸಹೊರಟಿಲ್ಲ. ಆದರೆ ನಮ್ಮ ದೇಶದ ರಾಷ್ಟ್ರೀಯ ಪಂದ್ಯಗಳಲ್ಲಿ ಮರ ಬಿದಿರುಗಳ ಬಿಲ್ಲಿಗಾಗಿಯೇ ‘ಇಂಡಿಯನ್ ರೌಂಡ್’ ಎಂಬ ವಿಭಾಗವಿದೆಯೆಂಬದನ್ನೂ, ಪರದೇಶದ ಬೆಲೆಯುಳ್ಳ ಬಿಲ್ಲನ್ನು ಕೊಳ್ಳಲಾರದ ಹುಡುಗರು ಈ ಬಾಗಿಲಿನಿಂದಲೇ ಒಳಬರುವರೆಂಬದನ್ನೂ ತಾಲೂಕಿನ ಶಿಕ್ಷಣಾಧಿಕಾರಿಗಳ ಲಕ್ಷ್ಯಕ್ಕೆ ತರುವದು ನಮ್ಮ ಕರ್ತವ್ಯ. ಹುಮನಾಬಾದದಲ್ಲಿ ಬಡಿಗನಿದ್ದಾನೆ, ಮೇದಾರನಿದ್ದಾನೆ, ಎಕ್ಕದ ಗಿಡವಿದೆ. ಇಲ್ಲದಿರುವದು ಅವರನ್ನು ಶಾಲೆಯ ಅಂಗಳಕ್ಕೆ ಕರೆಯುವ ಒಂದು ಪತ್ರ.

ಬಸವಕಲ್ಯಾಣಕ್ಕಂತೂ ಈ ಮಾತು ಹೊಸದಾಗಬಾರದು. ಬಿದಿರು ಸೀಳುತ್ತಿದ್ದ ಮೇದಾರ ಕೇತಯ್ಯನು ಮಂತ್ರಿಯ ಸರಿಸಮಕ್ಕೆ ಕುಳಿತು ಮಾತಾಡಿದ ಊರದು. ಅಲ್ಲಿ ನೂತನ ಅನುಭವ ಮಂಟಪಕ್ಕೆ ೨೦೨೧ರಲ್ಲಿ ಅಡಿಗಲ್ಲು ಬಿದ್ದಿತು. ಶರಣರ ಮೂರ್ತಿಗಳೂ ವಚನಗಳೂ ಅಲ್ಲಿ ಬರತಕ್ಕವೇ. ಅವುಗಳ ಬದಿಯಲ್ಲಿ ಶರಣರು ಕೈಯಲ್ಲಿ ಹಿಡಿದ ಹತಾರುಗಳಿಗೂ, ಅವುಗಳನ್ನು ಬಳಸಬಲ್ಲವರಿಗೂ ಒಂದು ಕೋಣೆಯನ್ನು ಬಿಡಬೇಕೆಂದು ನಾವು ಕೇಳಿಕೊಳ್ಳುತ್ತೇವೆ. ಗಾಜಿನ ಪೆಟ್ಟಿಗೆಯಲ್ಲಿಟ್ಟ ಬಾಚಿಯನ್ನಲ್ಲ, ಮರದ ಮೇಲೆ ನಡೆಯುವ ಬಾಚಿಯನ್ನು. ಹುಮನಾಬಾದ ತಾಲೂಕಿನ ಜಲಸಂಗಿಯ ಗುಡಿಯಲ್ಲಿ ಶಾಸನ ಬರೆಯುತ್ತ ನಿಂತ ಮದನಿಕೆಯನ್ನು ನೋಡಲು ದೂರದೂರದಿಂದ ವಿದ್ವಾಂಸರು ಬರುತ್ತಾರೆ. ಅವಳ ಬೆರಳಿನ ಬಾಗನ್ನು ಕಲ್ಲಿನಲ್ಲಿ ತಂದವನೂ ಹತ್ತು ಹೆಜ್ಜೆ ಹಿಂದೆ ಸರಿದು ನೋಡಿ, ಮತ್ತೆ ಬಂದು ಉಳಿ ಹಿಡಿದವನೇ ಇರಬೇಕು.

ನಮ್ಮ ಮೂವತ್ತು ಪೌಂಡಿನ ಬಿಲ್ಲು ಈಗ ಹೆದೆ ಇಳಿಸಿಕೊಂಡು ಕಚೇರಿಯ ಗೋಡೆಗೆ ಒರಗಿದೆ. ಮೇಲಿನ ತೋಳಿನ ಗಿಣ್ಣಿನ ಬಳಿ ಬೆರಳಾಡಿಸಿದರೆ ತಪ್ಪು ಕೈಗೆ ಸಿಕ್ಕುವದು. ಮಳೆಗಾಲ ಕಳೆದ ಮೇಲೆ ಹೊಸ ಗಳವನ್ನು ಕಡಿಯೋಣವೆಂದು ಬಡಿಗರು ಹೇಳಿದ್ದಾರೆ. ಈ ಸಲ ಕಾನಸವು ಅವರ ಮೊಮ್ಮಗನ ಕೈಯಲ್ಲಿರತಕ್ಕದ್ದೆಂದೂ, ನಾವು ಕಟ್ಟೆಯ ಮೇಲೆ ಕೂಡತಕ್ಕದ್ದೆಂದೂ ಅವರ ಕರಾರು. ನಾವು ಒಪ್ಪಿದ್ದೇವೆ.